ಹದಿನೇಳು ಫೂಟಿನ ತೆರೆ

ಅಂಕಲಿ ದಾಟಿ ಕೃಷ್ಣೆ ಕೆಳಗೆ ಹೊರಳುವಲ್ಲಿ, ತವನಪ್ಪನವರ ಕಬ್ಬಿನ ಹೊಲದ ಹಿಂದೆ, ಹೊಳೆಯೊಳಗೆ ಒಂದು ಕರಿಯ ಹಾಸುಗಲ್ಲಿದೆ. ಅಲ್ಲಿಗೆ ದಾರಿಯಿಲ್ಲ. ಕಬ್ಬಿನ ಸಾಲಿನೊಳಗೆ ಬಗ್ಗಿ ನಡೆದು, ಪಂಪಿನ ಮನೆಯ ಪಕ್ಕ ಹಾದು, ಜಾಲಿಯ ಕಂಟಿ ಸರಿಸಿಕೊಂಡು ಇಳಿಯಬೇಕು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಕೊಕ್ಕರೆಗಳನ್ನು ಬಿಟ್ಟರೆ ಯಾರೂ ಬಂದು ಕೂರುವುದಿಲ್ಲ. ಮಳೆಗಾಲದಲ್ಲಿ ಕಲ್ಲು ಮುಳುಗುತ್ತದೆ. ಮುಳುಗಿದ ಮೇಲೆ, ವರ್ಷಕ್ಕೆ ನಾಲ್ಕೋ ಐದೋ ದಿನ, ಕಲ್ಲಿನ ಅಂಚಿನಿಂದ ಜಾರಿದ ನೀರು ಕೆಳಗಿನ ಮಡುವಿಗೆ ಬಿದ್ದು, ಮತ್ತೆ ಮೇಲಕ್ಕೆದ್ದು, ಎದೆಮಟ್ಟದ ಒಂದು ತೆರೆಯಾಗಿ ನಿಲ್ಲುತ್ತದೆ. ಸಮುದ್ರದ ತೆರೆ ಬಂದು ದಂಡೆಗೆ ಬಡಿದು ಹೋಗುತ್ತದೆ. ಇದು ಹೋಗುವುದಿಲ್ಲ. ಹೊಳೆ ಅದರ ಅಡಿಯಲ್ಲಿ ಓಡುತ್ತಲೇ ಇರುತ್ತದೆ, ತೆರೆ ನಿಂತಲ್ಲೇ ನಿಂತಿರುತ್ತದೆ.

ಸರಿತಾ ಆ ತೆರೆಯನ್ನು ಕಣ್ಣಾರೆ ನೋಡಿದವಳಲ್ಲ. ಆದರೆ ಅದು ಯಾವತ್ತು ಏಳುತ್ತದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದು ಅವಳಿಗೆ. ಅವಳದು ಹೊಳೆಯ ನೀರು ಅಳೆಯುವ ಕೆಲಸ. ಊರ ಘಾಟಿನ ಮೆಟ್ಟಿಲುಗಳಿಗೆ ಜೋಡಿಸಿದ್ದ ಬಿಳಿ-ಕಪ್ಪು ಬಣ್ಣದ ಅಳತೆಪಟ್ಟಿಯನ್ನು ಮಳೆಗಾಲದಲ್ಲಿ ಮೂರು ತಾಸಿಗೊಮ್ಮೆ ನೋಡಿ, ವಹಿಯಲ್ಲಿ ಬರೆದು, ಆಫೀಸಿಗೆ ಫೋನಿನಲ್ಲಿ ತಿಳಿಸಬೇಕು. ದಿನಗೂಲಿಯ ಮೇಲೆ ಹನ್ನೊಂದು ವರ್ಷದಿಂದ ಮಾಡುತ್ತಿದ್ದಳು. ಮದುವೆ ಮಾಡಿಕೊಟ್ಟ ಕಾಗವಾಡದ ಮನೆಯಲ್ಲಿ ಬಾಳುವೆ ನಿಲ್ಲದೆ ತಾಯಿಯ ಹತ್ತಿರ ಮರಳಿ ಬಂದ ವರ್ಷವೇ ಈ ಕೆಲಸ ಸಿಕ್ಕಿದ್ದು. ಕೈಯಲ್ಲಿ ಛತ್ರಿ, ಸೊಂಟಕ್ಕೆ ಸಿಕ್ಕಿಸಿದ ವಹಿ. ಮಹಾಪೂರ ಬಂದ ವರ್ಷ ಮೆಟ್ಟಿಲೆಲ್ಲ ಮುಳುಗಿ ಊರು ಖಾಲಿ ಮಾಡಿಸಿದಾಗಲೂ ಅವಳು ಸೇತುವೆಯ ಕಂಬದ ಪಟ್ಟಿ ನೋಡಿ ಬರೆದಿದ್ದಳು. ಕಣ್ಣಿಗೆ ಕಾಣದ ಅಂಕಿಯನ್ನು ಅವಳು ಯಾವತ್ತೂ ಬರೆದಿರಲಿಲ್ಲ. ಪಕ್ಕದ ಘಾಟಿನವರು ಮಳೆ ಜೋರಿದ್ದಾಗ ಮನೆಯಲ್ಲೇ ಕೂತು ಅಂದಾಜಿನ ಮೇಲೆ ಹೇಳಿಬಿಡುತ್ತಾರೆಂದು ಗೊತ್ತಾದಾಗ ಅವಳಿಗೆ ಅದು ಕಳ್ಳತನದಂತೆ ಕಂಡಿತ್ತು.

ಅವಳ ತಮ್ಮ ಸಮಾಧಾನ ಗೋವಾದ ಸಮುದ್ರದಂಡೆಯಲ್ಲಿ ಏಳು ವರ್ಷ ಜೀವರಕ್ಷಕನಾಗಿದ್ದವನು. ಕೆಂಪು ಚಡ್ಡಿ, ಹಳದಿ ಅಂಗಿ, ಕೊರಳಲ್ಲಿ ಸೀಟಿ. ಮುಳುಗುತ್ತಿದ್ದವರನ್ನು ಎಳೆದು ತಂದದ್ದು ನಲವತ್ಮೂರು ಜನರನ್ನು ಎಂದು ಅವನೇ ಒಮ್ಮೆ ಹೇಳಿದ್ದ. ಎಳೆದು ತರಲಾಗದೆ ಹೋದವರು ಎಷ್ಟು ಎಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಲ್ಲೇ ಹಲಗೆಯ ಮೇಲೆ ನಿಂತು ತೆರೆ ಸವಾರಿ ಮಾಡುವುದನ್ನು ಕಲಿತ. ಒಂದು ಮಳೆಗಾಲ ರಜೆಯ ಮೇಲೆ ಬಂದಾಗ ಬಸ್ಸಿನ ಟಾಪಿನ ಮೇಲೆ ಹಗ್ಗ ಕಟ್ಟಿ ಒಂದು ಹಳೇ ಹಲಗೆ ತಂದಿದ್ದ. ಹಳದಿಗಟ್ಟಿ, ಎರಡು ಕಡೆ ತ್ಯಾಪೆ ಹಚ್ಚಿದ್ದು. ಕಂಡಕ್ಟರು ಅದು ಹೆಣ ಇಡುವ ಹಲಗೆಯೇನೋ ಎಂದು ಮೊದಲು ಹತ್ತಿಸಿಕೊಳ್ಳಲಿಲ್ಲವಂತೆ.

ತೆರೆಯನ್ನು ಹುಡುಕಿದ್ದು ಸಮಾಧಾನ ಮತ್ತು ಸುಹಾಸ. ಸುಹಾಸ ತವನಪ್ಪನವರ ಮಗ, ಸಮಾಧಾನನ ಜೊತೆ ಒಂದನೇ ಇಯತ್ತೆಯಿಂದ ಕಲಿತವನು. ಹೊಲ ಅವರದು. ಆ ಹೊಲದಲ್ಲಿ ಕಸ ತೆಗೆಯಲು ಹೋಗುವ ಹೆಣ್ಣಾಳುಗಳಲ್ಲಿ ಸಮಾಧಾನನ ತಾಯಿ ಜನಾಬಾಯಿಯೂ ಒಬ್ಬಳು. ಗೆಳೆಯರಿಬ್ಬರೂ ಹಲಗೆಯನ್ನು ಪಂಪಿನ ಮನೆಯಲ್ಲಿಟ್ಟು, ಈ ಜಾಗದ ಸುದ್ದಿ ಹೊರಗೆ ಬಿಡಬಾರದೆಂದು ಮಾತಾಡಿಕೊಂಡರು. ಗೊತ್ತಾದರೆ ಮೊಬೈಲು ಹಿಡಿದು ಚಿಕ್ಕೋಡಿ, ನಿಪ್ಪಾಣಿಯಿಂದ ಹುಡುಗರು ಬರುತ್ತಾರೆ, ಅವರೊಳಗೆ ಯಾವನೋ ಒಬ್ಬ ಮುಳುಗುತ್ತಾನೆ ಎಂದು ಸಮಾಧಾನ ಹೇಳಿದ. ಅವನು ಅಂಥದ್ದನ್ನು ನೋಡಿದವನು.

ಮೂರು ಮಳೆಗಾಲ ಹೀಗೇ ನಡೆಯಿತು. ಜುಲೈ ಹತ್ತಿರ ಬಂದರೆ ಅವನು ಗೋವಾದಿಂದ ಮುಂಜಾನೆ ಆರಕ್ಕೆ ಫೋನು ಮಾಡುತ್ತಿದ್ದ.

"ಅಕ್ಕಾ, ಎಷ್ಟೈತಿ?"

"ಹದಿನೈದೂ ಎಂಟಿಂಚ. ಏರಾಕತ್ತೈತಿ."

"ಏರಾಕತ್ತಿದ್ರ ಬ್ಯಾಡ. ಏರೂ ನೀರ ಕಸಾ ತರತೈತಿ, ಗಿಡದ ಬೊಡ್ಡಿ ತರತೈತಿ. ಇಳಿಯಾಕ ಹತ್ತಿದಾಗ ಹೇಳು. ಗಾಳಿ ಯಾ ಕಡಿಂದ?"

"ಪಡುವಣ."

"ಪಡುವಣ ಗಾಳಿಗೆ ತೆರಿ ಮುದ್ದಿ ಆಗತೈತಿ. ನೋಡೂಣು."

ಹದಿನಾರಕ್ಕಿಂತ ಕಡಿಮೆಯಿದ್ದರೆ ಕಲ್ಲಿನ ಹಲ್ಲು ಮೇಲೆ ಕಾಣುತ್ತವೆ, ಬಿದ್ದರೆ ತಲೆ ಒಡೆಯುತ್ತದೆ. ಹದಿನೆಂಟು ದಾಟಿದರೆ ತೆರೆ ಮುಳುಗಿ ಹೊಳೆ ಚಪ್ಪಟೆಯಾಗುತ್ತದೆ. ಹದಿನೇಳರ ಆಸುಪಾಸು, ಇಳಿಯುವ ನೀರು, ಮೂಡಣದ ಗಾಳಿ ಇಲ್ಲವೆ ಗಾಳಿಯೇ ಇಲ್ಲದ್ದು. ಈ ಲೆಕ್ಕ ಸರಿತಾಳಿಗೆ ಬಾಯಿಪಾಠವಾಗಿತ್ತು. ಅಂಥ ದಿನ ಬಂತೆಂದರೆ ಅವನು ಮೇಲಿನವರ ಕೈಕಾಲು ಹಿಡಿದು ರಜೆ ತೆಗೆದುಕೊಂಡು ಮರುದಿನವೇ ಬಂದಿಳಿಯುತ್ತಿದ್ದ. ಸಂಜೆ ಮನೆಗೆ ಬಂದಾಗ ಕಣ್ಣು ಕೆಂಪಗೆ, ಮೊಣಕಾಲು ತರಚಿ, ಮೈಗೆಲ್ಲ ಹೊಳೆಯ ಕೆಸರಿನ ವಾಸನೆ. ನಾಲ್ಕು ರೊಟ್ಟಿ ತಿಂದು ಮಾತಾಡದೆ ಮಲಗಿಬಿಡುತ್ತಿದ್ದ. ಅವನು ಅಷ್ಟು ಸುಖವಾಗಿ ಮಲಗಿದ್ದನ್ನು ಬೇರೆ ಯಾವಾಗಲೂ ಅವಳು ನೋಡಿರಲಿಲ್ಲ.

ನಾಲ್ಕನೇ ವರ್ಷ ಅವನು ಮಳೆಗಾಲಕ್ಕೆ ಮೊದಲೇ ಬಂದ. ಮುಖ ಬಾತಿತ್ತು, ಚಪ್ಪಲಿಯ ಪಟ್ಟಿ ಕಾಲಿಗೆ ಏರುತ್ತಿರಲಿಲ್ಲ. ಎರಡೂ ಕಿಡ್ನಿ ನಿಂತಿವೆ ಎಂದರು. ಜನಾಬಾಯಿಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ನಡೆಯುವುದಿಲ್ಲ. ಸರಿತಾಳದು ಹೊಂದಲಿಲ್ಲ. ಬೆಳಗಾವಿಯಲ್ಲಿ ಬದಲಿ ಕಿಡ್ನಿಗೆ ಹೆಸರು ಬರೆಸಿ ಬಂದರು, ಸರದಿ ಯಾವಾಗಲೋ. ಅಲ್ಲಿಯವರೆಗೆ ವಾರಕ್ಕೆ ಎರಡು ಸಲ ಚಿಕ್ಕೋಡಿಯ ದವಾಖಾನೆಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಳ್ಳಬೇಕು. ಕೊರಳ ಕೆಳಗೆ ಚರ್ಮದೊಳಗೆ ಒಂದು ನಳಿಗೆ ಕೂರಿಸಿ ಮೇಲೆ ಬಿಳಿ ಪಟ್ಟಿ ಅಂಟಿಸಿದ್ದರು. ಅದಕ್ಕೆ ನೀರು ತಾಗಬಾರದು. ಹೊಳೆಯ ನೀರಂತೂ ಹತ್ತಿರವೂ ಬರಬಾರದು, ನಂಜಾದರೆ ನೇರ ಹೃದಯಕ್ಕೆ ಹೋಗುತ್ತದೆ ಎಂದು ಡಾಕ್ಟರು ಸರಿತಾಳನ್ನು ಕರೆದು ಬೇರೆಯಾಗಿ ಹೇಳಿದರು.

ಕುಡಿಯುವುದಕ್ಕೂ ಅಳತೆ. ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು. ಅವನು ಒಂದು ಪ್ಲಾಸ್ಟಿಕ್ ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿಕೊಂಡಿದ್ದ. ಮುಂಜಾನೆಗೆ ಇಷ್ಟು, ಮಧ್ಯಾಹ್ನಕ್ಕೆ ಇಷ್ಟು.

"ನೀನೂ ಪಟ್ಟಿ ನೋಡ್ತಿ, ನಾನೂ ಪಟ್ಟಿ ನೋಡ್ತೀನಿ," ಎಂದು ನಗುತ್ತಿದ್ದ. "ನಿನ್ನ ಹೊಳಿ ಏರತೈತಿ, ನಂದ ಇಳಿತೈತಿ. ಅಷ್ಟ ಫರಕ್."

ಸುಹಾಸ ದಿನಾಲೂ ಸಂಜೆ ಬರುತ್ತಿದ್ದ. ಕಟ್ಟೆಯ ಮೇಲೆ ಇಬ್ಬರೂ ಕೂತು ಮೊಬೈಲಿನಲ್ಲಿ ಯಾವ್ಯಾವುದೋ ದೇಶದ ತೆರೆಗಳನ್ನು ನೋಡುತ್ತಿದ್ದರು. ಸಮಾಧಾನನ ಬಳಿ ಒಂದು ಡೈರಿಯಿತ್ತು. ಮೊದಲ ವರ್ಷದಿಂದಲೂ ತಾರೀಖು, ನೀರಿನ ಮಟ್ಟ, ಏರೋ ಇಳಿತವೋ, ಗಾಳಿ, ನೀರಿನ ಬಣ್ಣ, ತೆರೆಯ ಎತ್ತರ ಎಲ್ಲ ಬರೆದಿಟ್ಟಿದ್ದ. ಗೋವಾದಲ್ಲಿ ದಂಡೆಯ ಮೇಲೆ ದಿನಾ ಹಾಗೆ ಬರೆಯುವುದು ಅವರ ಡ್ಯೂಟಿ, ಅದೇ ರೂಢಿ.

"ಇನ್ನೂ ಎರಡ ವರ್ಷ ಬರದ್ರ ಮ್ಯಾಲ ಕೊಯ್ನಾ ಡ್ಯಾಮಿನ ಕಡೆ ಎಷ್ಟ ಮಳಿ ಆದ್ರ ಇಲ್ಲಿ ಎಂದ ತೆರಿ ಏಳತೈತಿ ಅಂತ ಮೂರ ದಿನಾ ಮೊದಲ ಹೇಳಬಹುದು," ಎಂದು ಅಕ್ಕನಿಗೆ ಹೇಳಿದ. "ನಿನ್ನ ಅಂಕಿ ಅದಾವಂತ ಇದು ನಡೀತು ನೋಡಕ್ಕಾ. ನಿನ್ನ ಅಂಕಿ ಒಂದೂ ಸುಳ್ಳಾಗಿಲ್ಲ."

ಆ ವರ್ಷ ಜುಲೈ ಮೂರನೇ ವಾರ ಮೇಲಿನ ಘಟ್ಟದಲ್ಲಿ ಮಳೆ ಹಿಡಿಯಿತು. ಹೊಳೆ ಎರಡು ದಿನದಲ್ಲಿ ಹದಿನೇಳೂವರೆಗೆ ಬಂದು ನಿಂತು, ಮೆಲ್ಲಗೆ ಇಳಿಯತೊಡಗಿತು. ಮಳೆ ಬಿಟ್ಟಿತು. ಮುಂಜಾನೆ ಆರಕ್ಕೆ ಸರಿತಾ ಘಾಟಿಗೆ ಹೋದಾಗ ನೀರಿನ ಮೇಲೆ ಒಂದು ಕಡ್ಡಿಯೂ ತೇಲುತ್ತಿರಲಿಲ್ಲ. ಅವಳ ಸೆರಗು ಮೂಡಣದ ಗಾಳಿಗೆ ಹೊಳೆಯ ಕಡೆ ಹಾರುತ್ತಿತ್ತು. ಹದಿನೇಳೂ ಎರಡಿಂಚು. ವಹಿಯಲ್ಲಿ ಬರೆದಳು, ಆಫೀಸಿಗೆ ಹೇಳಿದಳು. ಮನೆಗೆ ನಡೆದಳು.

ಅವನು ಬಾಗಿಲಲ್ಲೇ ಕೂತಿದ್ದ. ತೊಡೆಯ ಮೇಲೆ ಡೈರಿ, ಕೈಯಲ್ಲಿ ಪೆನ್ನು. ಹಿಂದಿನ ದಿನವಷ್ಟೇ ದವಾಖಾನೆಗೆ ಹೋಗಿ ಬಂದಿದ್ದರಿಂದ ಮುಖದ ಬಾವು ಇಳಿದಿತ್ತು, ಮೊದಲಿನ ಸಮಾಧಾನನ ಹಾಗೇ ಕಾಣುತ್ತಿದ್ದ.

"ಎಷ್ಟೈತಕ್ಕಾ?"

ಅವಳು ಅವನ ಕೊರಳ ಕೆಳಗಿನ ಬಿಳಿ ಪಟ್ಟಿ ನೋಡಿದಳು. ನೀರು ಕಂಡರೆ ಇವನು ದಂಡೆಯ ಮೇಲೆ ನಿಲ್ಲುವವನಲ್ಲ. ಚಿಕ್ಕವನಿದ್ದಾಗಿಂದ ನಿಂತವನಲ್ಲ.

"ಹದಿನಾಲ್ಕ," ಎಂದಳು.

"ಹದಿನಾಲ್ಕ? ಕೊಯ್ನಾದಿಂದ ಬಿಟ್ಟಾರಂತ ಮೊಬೈಲದಾಗ ಬಂದೈತಿ."

"ಮ್ಯಾಲಿನ ಬಂಧಾರಾದಾಗ ತಡದಾರಂತ. ಇಲ್ಲಿಗಿ ಬಂದಿಲ್ಲ."

ಅವನು ತಲೆಯಾಡಿಸಿ ಬರೆದುಕೊಂಡ. ಹದಿನಾಲ್ಕು. ಅಂಕಿಯ ಕೆಳಗೆ ಸ್ವಚ್ಛವಾಗಿ ಒಂದು ಗೆರೆ ಎಳೆದ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಹಿಟ್ಟು ಕಲಸಲು ಕೈ ಬರಲಿಲ್ಲ.

ಅದೇ ದಿನ ಮಧ್ಯಾಹ್ನ ಅವಳು ಸುಹಾಸನನ್ನು ಹೊಲದಲ್ಲೇ ಹಿಡಿದಳು. ಅವನು ಆಗಲೇ ತೆರೆ ನೋಡಿ ಬಂದಿದ್ದ. ಚಡ್ಡಿ ಒದ್ದೆಯಾಗಿತ್ತು.

"ಇಂಥಾದ್ದ ನಾಕ ವರ್ಷದಾಗ ಎದ್ದಿಲ್ಲ ಅಕ್ಕಾ," ಎಂದ. "ಕನ್ನಡಿ ಆಗೇತಿ. ಸಂಜಿಕ ಬಂದ ಅವಂಗ ಹೇಳ್ತೀನಿ."

"ಹೇಳಬ್ಯಾಡ."

ಅವಳು ತಾನು ಹೇಳಿದ ಸುಳ್ಳು ತಿಳಿಸಿದಳು. ಡಾಕ್ಟರು ಹೇಳಿದ್ದನ್ನೂ ತಿಳಿಸಿದಳು. ಸುಹಾಸ ಒಂದು ಕಬ್ಬಿನ ಗರಿ ಹರಿದ.

"ನಂಗ ಅವನ ಮುಂದ ಸುಳ್ಳ ಹೇಳಾಕ ಬರೂದಿಲ್ಲ. ಮಾರಿ ನೋಡಿದ್ರ ತಿಳಕೋತಾನ."

"ಹಂಗಾದ್ರ ಬರಬ್ಯಾಡ. ನಾಕ ದಿನಾ."

ಸುಹಾಸ ಬರಲಿಲ್ಲ. ಸಮಾಧಾನ ಸಂಜೆ ಸಂಜೆಗೂ ಕಟ್ಟೆಯ ಮೇಲೆ ಕೂತು ಹಾದಿ ನೋಡಿದ. ಫೋನು ಮಾಡಿದರೆ, ರಾಯಬಾಗದಲ್ಲಿ ಅತ್ತೆಯ ಮನೆಯ ಕಡೆ ಕೆಲಸವಿದೆ ಎಂದು ಸುಹಾಸ ಎರಡೇ ಮಾತಿನಲ್ಲಿ ಇಟ್ಟುಬಿಟ್ಟ.

"ಅವಂಗ ಏನರ ಅಂದ್ನೇನ ನಾನು?" ಎಂದು ಸಮಾಧಾನ ಅಕ್ಕನನ್ನು ಕೇಳಿದ. "ಬ್ಯಾನಿ ಮನಷ್ಯಾನ ಹತ್ರ ಎಷ್ಟ ದಿನಾ ಅಂತ ಕುಂಡ್ರತಾರ ಬಿಡು. ಅವಂಗೂ ಹೊಲಮನಿ ಐತಿ."

ಸರಿತಾ ಎದ್ದು ಅವನ ಬಾಟಲಿ ತಂದು ಪಕ್ಕದಲ್ಲಿಟ್ಟಳು.

ಎರಡನೇ ದಿನ ಹದಿನೇಳು. ಅವಳು ಹದಿಮೂರೂ ಒಂಬತ್ತು ಎಂದಳು. ಮೂರನೇ ದಿನ ಹದಿನಾರೂ ಹತ್ತು. ಹದಿಮೂರೂವರೆ ಎಂದಳು. ಸುಳ್ಳಿಗೂ ಒಂದು ಇಳಿತ ಬೇಕಲ್ಲ, ಅದನ್ನು ದಾರಿಯಲ್ಲೇ ಲೆಕ್ಕ ಹಾಕಿಕೊಂಡು ಬರುತ್ತಿದ್ದಳು. ವಹಿಯಲ್ಲಿ ಖರೆ, ಮನೆಯಲ್ಲಿ ಸುಳ್ಳು. ಅವನು ಎಲ್ಲವನ್ನೂ ಬರೆದುಕೊಂಡ.

ನಾಲ್ಕನೇ ದಿನ ಅವನು ಪೆನ್ನು ಕೆಳಗಿಟ್ಟು, "ಅಕ್ಕಾ, ನನ್ನ ಒಂದ್ಸಲ ಕರಕೊಂಡ ಹೋಗ," ಎಂದ.

"ಎಲ್ಲಿಗಿ?"

"ಹಾಸಗಲ್ಲಿಗಿ. ಸುಹಾಸನ ಗಾಡಿ ಮ್ಯಾಲ ಹೊಲದ ತನಕಾ ಹೋಗಿ, ಅವನ ಹೆಗಲ ಹಿಡಕೊಂಡ ಪಂಪಿನ ಮನಿ ಮುಟ್ಟಿದ್ರಾತು. ಅಲ್ಲಿಂದ ಒಂದ ಹತ್ತ ಹೆಜ್ಜಿ. ನಾ ಇಳಿಯಾಂಗಿಲ್ಲ. ನೋಡಿ ಬರ್ತೀನಿ."

"ಏನ ನೋಡ್ತಿ? ಹದಿಮೂರ ಫೂಟಿಗಿ ಬರೇ ಕಲ್ಲ ಅದಾವ."

"ಕಲ್ಲ ಇರಲಿ. ಕಲ್ಲರ ನೋಡ್ತೀನಿ."

ಆ ಮಾತನ್ನು ಅವನು ಹಟದಿಂದ ಆಡಲಿಲ್ಲ. ಮೆತ್ತಗೆ, ಬೇಡಿದ ಹಾಗೂ ಅಲ್ಲ, ಕೇಳಿ ನೋಡೋಣ ಎಂಬಂತೆ ಕೇಳಿದ. ಸರಿತಾ ಕೊಡ ಎತ್ತಿಕೊಂಡು, "ಹಾದಿ ರಾಡಿ ಆಗೇತಿ. ಜಾರಿ ಬಿದ್ರ ಏನ ಮಾಡೂದು," ಎಂದು ನೀರಿಗೆ ಹೋಗಿಬಿಟ್ಟಳು. ಮರಳಿ ಬಂದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋದ ಪಕ್ಕ, ಸೀಟಿ ಹಾಕಿಕೊಂಡು ನಗುತ್ತಿದ್ದ ಅವನದೇ ಗೋವಾದ ಫೋಟೋ.

ಆರನೇ ದಿನ ಮತ್ತೆ ಮಳೆ ಬಂತು. ಹೊಳೆ ಒಂದೇ ಸಮನೆ ಏರಿ ಇಪ್ಪತ್ತು ದಾಟಿ, ಇಪ್ಪತ್ತಾರಕ್ಕೆ ಹೋಗಿ, ಕೆಳಗಿನ ಓಣಿಗೆ ನುಗ್ಗಿತು. ಕಬ್ಬು ಅರ್ಧ ಮುಳುಗಿತು. ಆಗ ಸುಹಾಸ ಬಂದ, ಸರಿತಾಳೂ ಖರೆ ಅಂಕಿಗಳನ್ನೇ ಹೇಳತೊಡಗಿದಳು. ಆ ವರ್ಷ ಹೊಳೆ ಇಳಿಯುವಾಗ ಹದಿನೆಂಟರಿಂದ ಹದಿನಾಲ್ಕಕ್ಕೆ ಒಂದೇ ರಾತ್ರಿಯಲ್ಲಿ ಇಳಿದುಬಿಟ್ಟಿತು. ತೆರೆ ನಿಲ್ಲಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ದವಾಖಾನೆಯಲ್ಲಿ ಯಂತ್ರದ ಪಕ್ಕ ಕೂತಿದ್ದಾಗ ರೂಪಾಲಿ ಎಂಬ ನರ್ಸು ಅವನನ್ನು ಮಾತಾಡಿಸುತ್ತಿದ್ದಳು. ಕಾಗವಾಡದ ಕಡೆಯವಳು, ಬಾಯಿ ಬಡಕಿ, ಕೈ ಮಾತ್ರ ಹಗುರ. ಗೋವಾ ಬಿಟ್ಟ ಮೇಲೆ ಸಮುದ್ರ ನೋಡಿಲ್ಲವೇನು ಎಂದು ಕೇಳಿದಳು. ಅವನು, ನಮ್ಮೂರಾಗ ಒಂದ ತೆರಿ ಐತ್ರಿ, ಅದನ್ನ ನೋಡದ ಒಂದ ವರ್ಷ ಹೋತು ಎಂದ. ಅವನು ನಿದ್ದೆ ಹೋದ ಮೇಲೆ ಸರಿತಾ ರೂಪಾಲಿಯನ್ನು ಕೇಳಿದಳು.

"ಹೊಳಿ ಹತ್ರ ಕರಕೊಂಡ ಹೋಗಬಾರದಲ್ರಿ ಸಿಸ್ಟರ್?"

"ನೀರಾಗ ಇಳಸಬಾರದ್ರಿ. ದಂಡಿ ಮ್ಯಾಲ ಕುಂಡ್ರಿಸಿ ತೋರಿಸಾಕ ಏನ ಅಡ್ಡಿ? ಖುರ್ಚಿ ಒಯ್ರಿ, ಒಂದ ಛತ್ರಿ ಒಯ್ರಿ. ಮನಸ್ಸಿಗಿ ಆರಾಮ ಅನಸತೈತಿ ಪಾಪ."

ಅವತ್ತು ಬಸ್ಸಿನಲ್ಲಿ ಬರುವಾಗ ಸರಿತಾ ತಮ್ಮನಿಗೆ, "ಬರೂ ವರ್ಷ ತೆರಿ ಎದ್ದ ದಿನಾ ನಾನ ನಿನ್ನ ಕರಕೊಂಡ ಹೋಗ್ತೀನಿ," ಎಂದಳು. "ಖುರ್ಚಿ ಹಾಕಿ ಕುಂಡ್ರಸ್ತೀನಿ. ನಾನೂ ನೋಡಿಲ್ಲ ಅದನ್ನ."

ಅವನು ಕಿಟಕಿಯಿಂದ ಈ ಕಡೆ ತಿರುಗಿ, "ಖರೇನ?" ಎಂದ. ಆಮೇಲೆ ಅಂಕಲಿ ಬರುವವರೆಗೂ ಅವಳಿಗೆ ತೆರೆಯ ವಿಷಯವೇ ಹೇಳಿದ. ಎಲ್ಲಿ ನಿಂತರೆ ಚೆಂದ ಕಾಣುತ್ತದೆ, ಮುಂಜಾನೆ ಎಂಟಕ್ಕೆ ಬಿಸಿಲು ಅದರ ಬೆನ್ನಿನ ಮೇಲೆ ಬಿದ್ದಾಗ ರಾಡಿ ನೀರೂ ಹೇಗೆ ಜೇನುತುಪ್ಪದ ಬಣ್ಣವಾಗುತ್ತದೆ, ಹಲಗೆಯ ಮೇಲೆ ನಿಂತಾಗ ಕಾಲ ಕೆಳಗೆ ಹೊಳೆ ಓಡುತ್ತಿದ್ದರೂ ತಾನು ಹೇಗೆ ಒಂದೇ ಕಡೆ ನಿಂತಿರುತ್ತೇನೆ ಎಂಬುದನ್ನೆಲ್ಲ ಹೇಳಿದ.

"ಅವಾಗ ನನಗ ಏನೂ ಬೇಕ ಅನಸೂದಿಲ್ಲಕ್ಕಾ," ಎಂದ. "ಅಲ್ಲೇ ಇರ್ಬೇಕ ಅನಸತೈತಿ, ಅಷ್ಟ."

ಜನವರಿಯ ಒಂದು ಮಧ್ಯಾಹ್ನ ಅವನು ತೀರಿಕೊಂಡ. ದವಾಖಾನೆಯ ದಿನ ಮರುದಿನವಿತ್ತು. ಊಟ ಬೇಡವೆಂದು ಮಲಗಿದವನು, ಎದೆಯಲ್ಲಿ ಏನೋ ಆಗುತ್ತಿದೆ ಎಂದು ಎದ್ದು ಕೂತ. ಜನಾಬಾಯಿ ಬೆನ್ನು ತಿಕ್ಕುತ್ತಿದ್ದಳು. ಸರಿತಾ ಗಾಡಿ ಕರೆಯಲು ಓಣಿಯ ತುದಿಗೆ ಓಡಿದ್ದಳು. ಅವಳು ಸುಹಾಸನ ಜೊತೆ ಮರಳಿ ಬರುವಷ್ಟರಲ್ಲಿ ಮುಗಿದಿತ್ತು. ಬಾಟಲಿಯಲ್ಲಿ ಮಧ್ಯಾಹ್ನದ ಗೆರೆಯ ತನಕ ನೀರು ಹಾಗೇ ಇತ್ತು.

ಬುದ್ಧ ವಂದನೆ ಹೇಳಿಸಿ, ಮಣ್ಣು ಮಾಡಿ ಬಂದರು. ಸತ್ತವರ ಹೆಸರಿನಲ್ಲಿ ನೀರೆರೆಯುವ ಜಲದಾನದ ದಿನ ತಾಯಿ ಮಗಳು ಕೂಡಿ ಒಂದೇ ತಂಬಿಗೆ ಹಿಡಿದು, ಮಂತ್ರ ಮುಗಿಯುವವರೆಗೆ ತಟ್ಟೆಯಂಥ ಅಗಲ ಪರಾತದೊಳಗಿನ ಬಟ್ಟಲಿಗೆ ನೀರು ಹೊಯ್ದರು. ಬಟ್ಟಲು ತುಂಬಿತು, ತುಂಬಿ ಪರಾತಕ್ಕೆ ಹರಿಯಿತು. ಇನ್ನೂ ಹೊಯ್ಯಿರಿ ಎಂದು ಮಂತ್ರ ಹೇಳುತ್ತಿದ್ದ ಭಂತೆಜಿ ಸನ್ನೆ ಮಾಡಿದರು. ಸರಿತಾ ತಂಬಿಗೆಯನ್ನು ಇನ್ನಷ್ಟು ಬಗ್ಗಿಸಿದಳು. ಸುಹಾಸನ ತಂದೆ ತವನಪ್ಪನವರು ಬಾಗಿಲ ಹೊರಗೆ ಕೂತು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಜನ ಹೋದ ಮೇಲೆ ಸುಹಾಸ ಒಬ್ಬನೇ ಉಳಿದ. ಸರಿತಾ ಅವನಿಗೆ, ತಾನು ತಮ್ಮನನ್ನು ಉಳಿಸಿಕೊಳ್ಳಲು ಹಾಗೆ ಮಾಡಿದ್ದು, ನೋಡಿದ್ದರೆ ಅವನು ಇಳಿದೇ ಇಳಿಯುತ್ತಿದ್ದ ಎಂದಳು. ಯಾರೂ ಕೇಳಿರಲಿಲ್ಲ, ತಾನಾಗಿಯೇ ಹೇಳಿದಳು.

ಸುಹಾಸ ನೆಲ ನೋಡುತ್ತ, "ಇಳೀತಿರಲಿಲ್ಲಕ್ಕಾ," ಎಂದ. "ಇಳಿಯೂ ಶಕ್ತಿ ಎಲ್ಲಿತ್ತು? ಕಟ್ಟಿ ಏರಾಕ ನನ್ನ ಹೆಗಲ ಹಿಡೀತಿದ್ದ."

ಹೇಳಿದ ಮೇಲೆ ಹೇಳಬಾರದಿತ್ತೇನೋ ಎನಿಸಿ, "ನಾನೂ ಬರಲಿಲ್ಲಲ್ಲ," ಎಂದು ಸೇರಿಸಿದ. "ಆರ ದಿನಾ ನಾನೂ ಮಾರಿ ತೋರಸಲಿಲ್ಲ. ನನ್ನ ಮ್ಯಾಲ ಸಿಟ್ಟಾದ ಅನಕೊಂಡಿದ್ದೆ. ಒಂದ ಮಾತ ಕೇಳಲಿಲ್ಲ ಅಂವ."

ಮೇ ತಿಂಗಳಲ್ಲಿ, ಮಳೆಗಾಲದ ಹೊಸ ವಹಿ ಬಂದ ದಿನ, ಸರಿತಾ ಪೆಟ್ಟಿಗೆಯಿಂದ ಡೈರಿ ತೆಗೆದಳು. ಅಲ್ಲಿಯ ತನಕ ಮುಟ್ಟಿರಲಿಲ್ಲ. ನಾಲ್ಕು ವರ್ಷದ ಅಕ್ಷರ. ಮೊದಲ ವರ್ಷದ್ದು ದೊಡ್ಡದಾಗಿ, ಕೊನೆಯ ವರ್ಷದ್ದು ಸಣ್ಣಗೆ ನಡುಗುತ್ತ. ಅವಳ ಆ ಐದು ದಿನಗಳೂ ಅಲ್ಲಿದ್ದವು. ಹದಿನಾಲ್ಕು. ಹದಿಮೂರೂ ಒಂಬತ್ತು. ಹದಿಮೂರೂವರೆ. ಹದಿಮೂರೂ ಎರಡು. ಹದಿಮೂರು. ಐದನೇ ದಿನದ ಮುಂದೆ, "ಗಾಳಿ ಮೂಡಣ, ಛಲೋ ಐತಿ. ನೀರ ಇಲ್ಲ. ಮಳಿ ಅಷ್ಟಾಗಿ, ಗಾಳಿ ಹಿಂಗಿದ್ದೂ ತೆರಿ ಏಳಲಿಲ್ಲ. ಲೆಕ್ಕ ಎಲ್ಲೋ ತಪ್ಪೇತಿ. ಮತ್ತ ನೋಡಬೇಕು," ಎಂದು ಬರೆದಿದ್ದ.

ಅದನ್ನು ಓದಿ ಅವಳು ಅತ್ತಳು. ಅವನು ಸತ್ತ ದಿನವೂ ಹೀಗೆ ಅತ್ತಿರಲಿಲ್ಲ. ಅವನು ಅವಳ ಅಂಕಿಯನ್ನು ಅನುಮಾನಿಸಲಿಲ್ಲ. ತನ್ನ ನಾಲ್ಕು ವರ್ಷದ ಲೆಕ್ಕವನ್ನೇ ಅನುಮಾನಿಸಿದ.

ಜನಾಬಾಯಿ ಹೊಲದಿಂದ ಬಂದು ಕುಡುಗೋಲು ಮೂಲೆಗಿಡುತ್ತಿದ್ದವಳು ಹಾಗೇ ನಿಂತಳು. ಸರಿತಾ ತಾಯಿಗೆ ಎಲ್ಲ ಹೇಳಿದಳು. ಯಾವ ದಿನ ಎಷ್ಟು ನೀರಿತ್ತು, ತಾನು ಎಷ್ಟು ಎಂದು ಹೇಳಿದೆ, ಅವನು ಕಲ್ಲನ್ನಾದರೂ ತೋರಿಸು ಎಂದದ್ದು, ತಾನು ಕೊಡ ಎತ್ತಿಕೊಂಡು ಹೋದದ್ದು.

ಜನಾಬಾಯಿ ಗೋಡೆ ಹಿಡಿದು ಕೆಳಗೆ ಕೂತಳು. "ನಂಗ ಗೊತ್ತಿತ್ತು," ಎಂದಳು.

ಸರಿತಾ ತಲೆ ಎತ್ತಿದಳು.

"ಆ ವಾರ ನಾವು ಪಂಪಿನ ಮನಿ ಹಿಂದಿನ ಸಾಲಿನಾಗ ಕಸಾ ತಗ್ಯಾಕತ್ತಿದ್ವಿ. ನಾ ದಿನಾ ನೋಡ್ತಿದ್ದೆ. ನೀರ ಎದ್ದ ನಿಂತಿತ್ತ. ಮನಿಗಿ ಬಂದ್ರ ನೀ ಹದಿಮೂರ ಅಂತಿದ್ದಿ, ಅಂವ ಬರಕೋತಿದ್ದ."

"ಮತ್ಯಾಕ ಸುಮ್ನಿದ್ದಿ ಅವ್ವಾ?"

"ನೀ ಯಾಕ ಸುಮ್ನಿದ್ದಿ, ನಾನೂ ಅದಕ್ಕ ಸುಮ್ನಿದ್ದೆ." ಜನಾಬಾಯಿ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. "ಒಂದ ದಿನಾ ಬಾಯಿಗಿ ಬಂದಿತ್ತು. ಅಂವ ನನ್ನ ಕೇಳಿದ್ರ ಹೇಳೇ ಬಿಡ್ತಿದ್ದೆನೋ ಏನೋ. ಅಂವ ನನ್ನ ಕೇಳಲಿಲ್ಲ. ನೀರಿನ ಮಾತ ನಿನ್ನನ್ನ ಕೇಳಾಂವ."

ತಾಯಿ ಮಗಳು ಅಲ್ಲೇ ಕೂತರು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಆಮೇಲೆ ಜನಾಬಾಯಿ ಎದ್ದು ಒಲೆ ಹಚ್ಚಿದಳು. ಸರಿತಾ ಹಳೇ ವಹಿ ತೆಗೆದು, ಅವನ ಒಂದೊಂದು ಅಂಕಿಯ ಪಕ್ಕ ಖರೆ ಅಂಕಿ ಬರೆದಳು. ಅವನು ಬರೆದದ್ದನ್ನು ಹೊಡೆದು ಹಾಕಲಿಲ್ಲ. "ಲೆಕ್ಕ ಎಲ್ಲೋ ತಪ್ಪೇತಿ" ಎಂಬ ಸಾಲಿನ ಕೆಳಗೆ, "ನಿನ್ನ ಲೆಕ್ಕ ಸರಿ ಐತಿ. ತೆರಿ ಎದ್ದಿತ್ತು. ಸುಳ್ಳ ಹೇಳಿದಾಕಿ ನಾನು," ಎಂದು ಬರೆದು, ಆಫೀಸಿನ ವಹಿಯಲ್ಲಿ ಹಾಕುವಂತೆ ಕೆಳಗೆ ತನ್ನ ಪೂರ್ತಿ ಹೆಸರಿನ ಸಹಿ ಹಾಕಿದಳು.

ಆ ವರ್ಷ ತೆರೆ ಆಗಸ್ಟಿನಲ್ಲಿ ಎದ್ದಿತು. ಹದಿನೇಳೂ ಒಂದಿಂಚು, ಇಳಿತ, ಗಾಳಿಯಿಲ್ಲ. ಆರರ ಅಳತೆ ಮುಗಿಸಿ, ಆಫೀಸಿಗೆ ಹೇಳಿ, ಸರಿತಾ ತಾಯಿಯನ್ನು ಕರೆದುಕೊಂಡು ಕಬ್ಬಿನೊಳಗೆ ಹೊರಟಳು. ಸುಹಾಸ ಮುಂದೆ ಮುಂದೆ ಗರಿ ಸರಿಸುತ್ತ ನಡೆದ. ಎಲೆಯ ಅಂಚಿಗೆ ಕೈ ತರಚಿದವು. ಪಂಪಿನ ಮನೆ ದಾಟಿದ ಮೇಲೆ ಸದ್ದು ಮೊದಲು ಕೇಳಿಸಿತು, ತೂಬಿನಿಂದ ನೀರು ಬಿಟ್ಟ ಹಾಗೆ ಒಂದೇ ಸಮನೆ. ಜಾಲಿಯ ಕಂಟಿ ದಾಟಿದರೆ ಎದುರಿಗೇ ಇತ್ತು.

ಅವಳು ದೊಡ್ಡದೊಂದು ಏನನ್ನೋ ಎಣಿಸಿಕೊಂಡು ಬಂದಿದ್ದಳು. ಅದು ಅಷ್ಟೇನೂ ದೊಡ್ಡದಿರಲಿಲ್ಲ. ನಾಲ್ಕು ಎತ್ತುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಅಗಲ, ಅವಳ ಎದೆಯವರೆಗೆ ಎತ್ತರ. ಬೆನ್ನು ನುಣುಪಾಗಿ, ತಲೆಯಲ್ಲಿ ಮಾತ್ರ ಸ್ವಲ್ಪ ನೊರೆ. ಹೊಳೆಯೆಲ್ಲ ಅದರ ಮೂಲಕ ಹಾದು ಹೋಗುತ್ತಿತ್ತು, ಅದು ಇದ್ದಲ್ಲೇ ಇತ್ತು.

"ನಾ ಇಳೀಲೇನಕ್ಕಾ?" ಎಂದು ಸುಹಾಸ ಕೇಳಿದ. ಹಲಗೆ ಅವನ ಕಂಕುಳಲ್ಲಿತ್ತು.

"ಇಳಿ."

ಅವನು ಮೇಲಿನಿಂದ ಈಜಿ ಬಂದು ಹಲಗೆಯ ಮೇಲೆ ಎದ್ದು ನಿಂತ. ಮೂರೋ ನಾಲ್ಕೋ ಉಸಿರಿನಷ್ಟು ನಿಂತು ಬಿದ್ದ. ಎದ್ದು, ದಂಡೆ ಹಿಡಿದು ಮೇಲೆ ಹೋಗಿ ಮತ್ತೆ ಬಂದ, ಮತ್ತೆ ಬಿದ್ದ. ಸಮಾಧಾನನಷ್ಟು ಅವನಿಗೆ ಬರುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಸಮಾಧಾನ ಹೇಗೆ ನಿಲ್ಲುತ್ತಿದ್ದನೆಂಬುದು ಮಾತ್ರ ತಾಯಿ ಮಗಳಿಬ್ಬರಿಗೂ ತಿಳಿಯಲಿಲ್ಲ, ಅವರು ಅದನ್ನು ನೋಡಿರಲಿಲ್ಲ.

ಜನಾಬಾಯಿ ದಂಡೆಯ ಒದ್ದೆ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಬಿಸಿಲು ಏರಿ ನೀರಿನ ಬಣ್ಣ ತಿರುಗಿತು.

"ಇದನ್ನ ನೋಡಾಕ ಅಂವ ಗೋವಾದಿಂದ ಬರ್ತಿದ್ದ," ಎಂದಳು.

"ಹೂಂ ಅವ್ವಾ."

"ಹತ್ತ ಹೆಜ್ಜಿನೂ ಇಲ್ಲಲ್ಲ ಸರಿತಾ, ಪಂಪಿನ ಮನಿಯಿಂದ."

ಸರಿತಾ ಹಿಂದಿರುಗಿ ಪಂಪಿನ ಮನೆ ನೋಡಿದಳು. ಎಂಟು ಹೆಜ್ಜೆ ಇರಬಹುದು. ಒಂಬತ್ತರ ಅಳತೆಗೆ ಹೊತ್ತಾಗುತ್ತಿತ್ತು. ಅವಳು ತಾಯಿಯ ಪಕ್ಕ ಕೂತು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಇನ್ನೊಂದಿಷ್ಟು ಹೊತ್ತು ಕೂತರು.